ಕೂಸಿನ ಪಕ್ಕದ ತಾಟು

ಪುಂಡಿ ಸೊಪ್ಪು ಕುದಿಯತೊಡಗಿದಾಗ ಏಳುವ ಹುಳಿ ಹಬೆ ಮೊದಲು ತಾಗುವುದು ಮೂಗಿಗಲ್ಲ, ದವಡೆಯ ಹಿಂಬದಿಗೆ. ಬಾಯಲ್ಲಿ ನೀರು ಬಂದ ಮೇಲೆ ಇದು ಪುಂಡಿ ಎಂದು ಮನಸ್ಸಿಗೆ ಗೊತ್ತಾಗುತ್ತದೆ. ಕಲಬುರಗಿಯಲ್ಲಿ ನಾನೀಗ ಇರುವ ಮನೆಯ ಕೆಳಗಿನ ಮಹಡಿಯಲ್ಲಿ ಒಂದು ಎಳೆಯ ಸಂಸಾರವಿದೆ. ಕಳೆದ ವಾರ ಅವರ ಅಡುಗೆಮನೆಯ ಕಿಟಕಿಯಿಂದ ಆ ಹಬೆ ಮೆಟ್ಟಿಲೇರಿ ಬಂತು. ಅದರ ಬೆನ್ನಿಗೇ ಮಗುವಿನ ಅಳು, ಮೊಬೈಲಿನ ಹಾಡು, ತಾಯಿಯ ದನಿ. “ಒಂದೇ ಒಂದ್ ತುತ್ತು, ನನ್ನ ಬಂಗಾರ ಅಲ್ಲಾ? ಇದೊಂದ್ ನುಂಗು, ಇನ್ನೊಂದ್ ಹಾಡ ಹಚ್ಚತೇನಿ.” ಮಗು ತುಟಿ ಬಿಗಿದಿರಬೇಕು. ಹಾಡು ಬದಲಾಯಿತು, ಅಳು ಬದಲಾಗಲಿಲ್ಲ. ನಾನು ತರಕಾರಿ ಚೀಲ ಹಿಡಿದು ಮೆಟ್ಟಿಲ ಮೇಲೇ ನಿಂತುಬಿಟ್ಟೆ. ಆ ಹುಳಿ ವಾಸನೆ ಮತ್ತು ಆ ಹಟ, ಎರಡೂ ಒಟ್ಟಿಗೆ ಇದ್ದ ಮನೆಯೊಂದು ನನಗೆ ಗೊತ್ತಿತ್ತು.

ಆ ಮನೆ ಈಗಿಲ್ಲ. ಆಳಂದದ ಹಳೆಯ ಓಣಿಯಲ್ಲಿ ಅದು ನಿಂತಿದ್ದ ಜಾಗದಲ್ಲಿ ಕೆಳಗೆ ಬಟ್ಟೆ ಅಂಗಡಿ, ಮೇಲೆ ಹುಡುಗರಿಗೆ ಟ್ಯೂಷನ್ ಹೇಳುವ ಕೋಣೆಗಳು ಎದ್ದಿವೆ. ಗೋಡೆಯ ಕಲ್ಲುಗಳನ್ನು ಯಾರೋ ಒಯ್ದರು. ನೆಲಕ್ಕೆ ಹಾಸಿದ್ದ ಶಹಾಬಾದ್ ಪರಸಿಯನ್ನೂ ಕಿತ್ತು ಒಯ್ದರು. ಬೇಸಿಗೆಯ ಮಧ್ಯಾಹ್ನ ಕೆನ್ನೆ ಹಚ್ಚಿ ಮಲಗಿದರೆ ತೊಳೆದ ಹರಿವೆ ಸೊಪ್ಪಿನಷ್ಟು ತಣ್ಣಗಿರುತ್ತಿದ್ದ ಪರಸಿ. ಬಾಗಿಲು ದಾಟಿದರೆ ಅಂಗಳ, ಅಂಗಳ ದಾಟಿದರೆ ಪಡಸಾಲೆ, ಪಡಸಾಲೆಯ ಹಿಂದೆ ಅಡುಗೆಮನೆ. ಅಡುಗೆಮನೆಗೆ ಮಾಳಿಗೆಯಲ್ಲಿ ಕೊರೆದ ಒಂದೇ ಬೆಳಕಿಂಡಿ. ಹೊತ್ತು ಏರಿದಂತೆ ಅಲ್ಲಿಂದ ಇಳಿಯುವ ಬಿಸಿಲಿನ ಕೋಲು ಹೊಗೆಯಲ್ಲಿ ನಿಧಾನ ಸರಿಯುತ್ತ ಹಿಟ್ಟು ನಾದುವ ಪರಾತದ ಮೇಲೆ ಬಂದು ನಿಂತಾಗ ಅವ್ವ ರೊಟ್ಟಿ ಬಡಿಯಲು ಕೂರುತ್ತಿದ್ದಳು. ಜೋಳದ ರೊಟ್ಟಿ ಬಡಿಯುವ ಆ ಪಟಪಟ ಸದ್ದು ನಮ್ಮ ಮನೆಯ ಗಡಿಯಾರವಾಗಿತ್ತು. ನಿಮಗೂ ಅಂಥ ಮನೆಯೊಂದು ಇದ್ದಿದ್ದರೆ, ಇಟ್ಟಿಗೆ ಕಲ್ಲಿಗಿಂತ ಹೆಚ್ಚಾಗಿ ಅದರ ಸದ್ದುಗಳೇ ಕಳೆದುಹೋಗಿವೆ ಎಂದು ನಿಮಗೂ ಅನ್ನಿಸಿರಬಹುದು.

ಮನೆಯ ಯಜಮಾನಿಕೆ ಅಪ್ಪನ ತಾಯಿಯದು. ಅವಳನ್ನು ನಾವು ಆಯಿ ಎನ್ನುತ್ತಿದ್ದೆವು. ಸಣ್ಣ ಆಳು, ದೊಡ್ಡ ದನಿ, ಹಣೆತುಂಬ ವಿಭೂತಿ. ಅಪ್ಪ ಹೊಲ ನೋಡಿಕೊಳ್ಳುತ್ತಿದ್ದ. ಅಪ್ಪನ ತಮ್ಮ, ನನ್ನ ಕಾಕಾ, ಜೇವರ್ಗಿಯ ಬೀಜ-ಗೊಬ್ಬರದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ಬರುತ್ತಿದ್ದ. ಅವನ ಮೊದಲ ಹೆಂಡತಿ ಭೀಮಾ ದಂಡೆಯ ಮಣ್ಣೂರಿನವಳು. ಮಗಳು ನೀಲು ಅಂಬೆಗಾಲಿಡುವಾಗ ಆಕೆ ಜ್ವರದಿಂದ ತೀರಿಹೋದಳು. ಮುಂದೆ ಒಂದು ವರ್ಷ ನೀಲು ಆಯಿಯ ಸೊಂಟದ ಮೇಲೆ, ಹಾಲು ಮತ್ತು ಬಿಸ್ಕೀಟಿನ ಮೇಲೆ ಬೆಳೆದಳು. ಅತ್ತರೆ ಹಾಲು, ಎದ್ದರೆ ಹಾಲು, ಬಿದ್ದರೆ ಹಾಲಿನಲ್ಲಿ ಅದ್ದಿದ ಬಿಸ್ಕೀಟು. ತಾಯಿಯಿಲ್ಲದ ಕೂಸಿಗೆ ಇಲ್ಲ ಎನ್ನಲು ಯಾರಿಗೂ ಬಾಯಿ ಬರುತ್ತಿರಲಿಲ್ಲ. ಅವಳಿಗೆ ಎರಡು ತುಂಬುವ ಹೊತ್ತಿಗೆ ಕಾಕಾ ಚೌಡಾಪುರದ ಕಸ್ತೂರಿಯನ್ನು ಮದುವೆಯಾದ. ಮದುವೆಯ ಮಾತುಕತೆಯಲ್ಲೇ ಆಯಿ ಬಿಚ್ಚಿ ಹೇಳಿದ್ದಳಂತೆ: “ನಮಗ ಸೊಸಿ ಬ್ಯಾಡ್ರಿ, ಕೂಸಿಗೆ ಅವ್ವ ಬೇಕು.” ಇದು ನಾನು ಕೇಳಿದ್ದಲ್ಲ, ಮನೆಯಲ್ಲಿ ಹೇಳುತ್ತಿದ್ದದ್ದು.

ಕಸ್ತೂರಿ ಕಾಕಿಗೆ ಆಗ ಇಪ್ಪತ್ತೋ ಇಪ್ಪತ್ತೊಂದೋ. ನಗುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಬಂದ ಹೊಸತರಲ್ಲಿ ಮುಚ್ಚಿಕೊಳ್ಳುವ ಸಂದರ್ಭ ಹೆಚ್ಚು ಬರಲಿಲ್ಲ. ದಿನಾ ಮಧ್ಯಾಹ್ನ ಪಡಸಾಲೆಯ ನಡುವೆ ನೀಲುವನ್ನು ಕೂರಿಸಿ ಉಣಿಸುವ ಕೆಲಸ ಅವಳದು, ನೋಡುವ ಕೆಲಸ ಉಳಿದವರದು. ಹೆಸರುಬೇಳೆ ಅನ್ನಕ್ಕೆ ತುಪ್ಪ ಹಾಕಿ ತಂದರೆ ಕೂಸು ಮುಖ ತಿರುವುತ್ತಿತ್ತು. ನುಚ್ಚಿಗೆ ಮಜ್ಜಿಗೆ ಕಲಸಿ ತಂದರೆ ಕೈ ಬೀಸಿ ಬಟ್ಟಲು ಬೀಳಿಸುತ್ತಿತ್ತು. ಪಲ್ಯದ ಹಸಿರು ಕಂಡರಂತೂ ಎರಡೂ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಕಾಕಿ ಕಾಗೆ ತೋರಿಸಿದಳು, ಗುಬ್ಬಿ ತೋರಿಸಿದಳು, ಅನ್ನದ ನಡುವೆ ಪಲ್ಯ ಅಡಗಿಸಿ ನೋಡಿದಳು. ನೀಲು ನಾಲಗೆಯಿಂದಲೇ ಸೋಸಿ ಸೊಪ್ಪಿನ ಎಸಳನ್ನು ಪರಸಿಯ ಮೇಲೆ ಉಗುಳಿದಳು. ಆಮೇಲೆ ಬಿಳಿ ಅನ್ನದ ಮೇಲೂ ಅವಳ ನಂಬಿಕೆ ಹೋಯಿತು. ಓಣಿಯ ಹೆಂಗಸರು ಬಂದು ಕಟ್ಟೆಯ ಮೇಲೆ ಕೂತು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಮೂಗು ಹಿಡೀರಿ ಎಂದು ಒಬ್ಬಳು, ನಜರ್ ತಗೀರಿ ಎಂದು ಇನ್ನೊಬ್ಬಳು. ಆಯಿ ಜಿಡಗಾ ಮಠಕ್ಕೆ ಹೋಗಿ ತಂದ ವಿಭೂತಿಯನ್ನು ಕೂಸಿನ ಹಣೆಗೆ ಹಚ್ಚಿ, ಬಾಯಿ ನೋಡಿ, “ಬಾಯಿ ಅಲ್ಲ ಬೇ ಇದು, ಸರ್ಕಾರಿ ಖಜಾನಿ. ಬೀಗ ಬಿಚ್ಚಾಕ ಸಾಹೇಬನೇ ಬರಬೇಕು” ಎಂದಳು. ಎಲ್ಲರೂ ನಕ್ಕರು. ಕಾಕಿ ನಗಲಿಲ್ಲ. ಅವಳ ಕೈಯಲ್ಲಿ ತುತ್ತು ಆರುತ್ತಿತ್ತು. ನಗು ನಿಂತ ಮೇಲೆ ಯಾರೋ ಮೆಲ್ಲಗೆ, ಆದರೆ ಕೇಳುವಷ್ಟು ಜೋರಾಗಿಯೇ, “ಕೂಸಿಗೆ ಗೊತ್ತಾಗ್ತದವಾ, ಹಡದಾಕಿ ಕೈ ಯಾವ್ದು, ಬ್ಯಾರೇದಾಕಿ ಕೈ ಯಾವ್ದು” ಎಂದರು.

ಆ ಮಾತು ಮಣ್ಣೂರಿಗೂ ಮುಟ್ಟಿತು. ನೀಲುವಿನ ತಾಯಿಯ ತಾಯಿ, ನಾವು ಮಣ್ಣೂರಮ್ಮ ಎನ್ನುತ್ತಿದ್ದ ಹಿರಿಯಾಕೆ, ದಸರೆಯ ನಂತರ ಬಂದು ಮೊಮ್ಮಗಳ ತೋಳು ಹಿಡಿದು ನೋಡಿದಳು. ಜಗಳವಾಡಲಿಲ್ಲ. “ನಾ ಯಾರಿಗೂ ಏನೂ ಅನ್ನಂಗಿಲ್ರಿ. ಎಳ್ಳಮಾಸಿಗೆ ಬರ್ತೇನಿ. ಆವಾಗೂ ಕೂಸು ಹಿಂಗೇ ಇದ್ರ ನಮ್ಮೂರಿಗೆ ಕರ್ಕೊಂಡ್ ಹೋಗ್ತೇನಿ” ಎಂದಳು. ಎಳ್ಳು ಅಮಾವಾಸ್ಯೆಗೆ ಇನ್ನೂ ಎರಡು ತಿಂಗಳ ಮೇಲಿತ್ತು. ಆಯಿ ತಲೆಯಾಡಿಸಿದಳು. ಕಾಕಾನೂ ನೆಲ ನೋಡುತ್ತ ತಲೆಯಾಡಿಸಿದ. ಕಾಕಿಯನ್ನು ಯಾರೂ ಕೇಳಲಿಲ್ಲ. ಆ ಸಂಜೆ ಅಂಗಳದಲ್ಲಿ ಪಾತ್ರೆ ತಿಕ್ಕುತ್ತ ಅವಳು ನನ್ನ ಅವ್ವನಿಗೆ, “ಅಕ್ಕಾ, ಕೂಸಿನ ಸಲುವಾಗಿ ನನ್ನ ತಂದ್ರಿ. ಕೂಸೇ ಹೋದ್ರ ನಾ ಇಲ್ಲಿ ಯಾರ್ರಿ?” ಎಂದಳು. ಅವ್ವ ಕೊಡದಿಂದ ನೀರು ಬಗ್ಗಿಸಿ ಅವಳ ಕೈಯ ಬೂದಿ ತೊಳೆದಳು.

ಈಗ ನಮ್ಮ ಮನೆಯ ಊಟದ ಪದ್ಧತಿ ಹೇಳಬೇಕು. ಮೊದಲು ಗಂಡಸರು, ಆಮೇಲೆ ನಾವು ಮಕ್ಕಳು, ಆಮೇಲೆ ಆಯಿ. ಎಲ್ಲರದೂ ಮುಗಿದು, ಪಡಸಾಲೆ ಒರೆಸಿ, ಒಲೆ ಸಾರಿಸಿದ ಮೇಲೆ ಸೊಸೆಯಂದಿರು ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದರು. ಸೊಸೆ ಉಣ್ಣುವುದನ್ನು ನೋಡಬಾರದು ಎಂದು ಯಾರೂ ನಿಯಮ ಮಾಡಿರಲಿಲ್ಲ. ಯಾರೂ ನೋಡಿರಲಿಲ್ಲ, ಅಷ್ಟೇ. ಬಾಗಿಲಾಚೆಯಿಂದ ಅವ್ವ ಮತ್ತು ಕಾಕಿ ಸಣ್ಣ ದನಿಯಲ್ಲಿ ಮಾತಾಡುವುದು, ಒಮ್ಮೊಮ್ಮೆ ನಗುವುದು ಮಾತ್ರ ಕೇಳುತ್ತಿತ್ತು. ನೀಲು ಆ ಹೊತ್ತಿಗೆ ಹಾಲು ಕುಡಿದು ಮಲಗಿರುತ್ತಿದ್ದಳು. ಅಂದರೆ, ದಿನಾ ತನ್ನ ಬಾಯಿಗೆ ತುತ್ತು ಹಿಡಿಯುವ ಈ ಹೊಸ ಹೆಂಗಸು ತಾನೂ ಏನನ್ನಾದರೂ ತಿನ್ನುತ್ತಾಳೆ ಎಂಬುದನ್ನು ಆ ಕೂಸು ಒಮ್ಮೆಯೂ ಕಂಡಿರಲಿಲ್ಲ. ಇದು ನನಗೆ ಈಗ ಹೊಳೆಯುತ್ತದೆ. ಆಗ ನಮ್ಮ ಯಾರಿಗೂ ಹೊಳೆದಿರಲಿಲ್ಲ.

ಒಂದು ಶುಕ್ರವಾರ ನೀಲು ನನ್ನ ಬೆನ್ನು ಹತ್ತಿ ಪಕ್ಕದ ಮನೆಗೆ ಬಂದಳು. ಅದು ಮಹಬೂಬ್‌ಬೀಯ ಮನೆ. ಓಣಿಯ ಮಕ್ಕಳೆಲ್ಲ ಆಕೆಗೆ ಖಾಲಾ ಎನ್ನುತ್ತಿದ್ದೆವು. ಅವರು ಊಟಕ್ಕೆ ಕೂತಿದ್ದರು. ನೆಲಕ್ಕೆ ಹಾಸಿದ ಹೂವಿನ ಬಟ್ಟೆಯ ನಡುವೆ ಒಂದೇ ದೊಡ್ಡ ತಬಕ, ಅದರಲ್ಲಿ ಹಳದಿ ಕಿಚಡಿ, ಪಕ್ಕದ ಬೋಗುಣಿಯಲ್ಲಿ ಹುಣಸೆ ಎಳ್ಳಿನ ತೆಳು ಖಟ್ಟಾ. ಖಾಲಾ, ಅವಳ ಅತ್ತೆ, ಮಕ್ಕಳು, ಸೊಸೆ ಎಲ್ಲರೂ ಸುತ್ತ ಕೂತು ಒಂದರಿಂದಲೇ ಉಣ್ಣುತ್ತಿದ್ದರು. ಮಾತು ನಡೆದದ್ದು ಯಾವುದೋ ಕಳೆದುಹೋದ ಮೇಕೆಯ ಬಗ್ಗೆ. ನಾನು ಬಾಗಿಲಲ್ಲೇ ನಿಂತೆ. ನೀಲು ನಿಲ್ಲಲಿಲ್ಲ. ಹೋಗಿ ಖಾಲಾಳ ಮೊಣಕಾಲಿಗೂ ಅವಳ ಸೊಸೆಯ ಮೊಣಕಾಲಿಗೂ ನಡುವೆ ತೂರಿ ಕೂತಳು. ಎಲ್ಲರ ಕೈ ಹೋದಲ್ಲಿ ತನ್ನ ಕೈಯನ್ನೂ ಇಟ್ಟಳು. ಬೆರಳಿಗೆ ಅಂಟಿದ್ದನ್ನು ನೋಡಿದಳು, ನೆಕ್ಕಿದಳು, ಮತ್ತೆ ಕೈ ಇಟ್ಟಳು. ಖಾಲಾ ಅವಳ ಕಡೆ ನೋಡಲೂ ಇಲ್ಲ. ಆ ಬದಿಗಿದ್ದ ಹಸಿಮೆಣಸಿನಕಾಯಿಯನ್ನು ಆಚೆ ಸರಿಸಿ ಮೇಕೆಯ ಮಾತು ಮುಂದುವರಿಸಿದಳು.

ನಾನು ಓಡಿಹೋಗಿ ಮನೆಯಲ್ಲಿ ಹೇಳಿದೆ. ಆಯಿ ಸೆರಗು ಸರಿಮಾಡಿಕೊಂಡು ಅಂಗಳಕ್ಕೆ ಬಂದಾಗ ಖಾಲಾ ನೀಲುವನ್ನು ಎತ್ತಿಕೊಂಡು ಎದುರು ಬರುತ್ತಿದ್ದಳು. ಕೂಸಿನ ಗಲ್ಲ, ಅಂಗಿ, ಕೂದಲೆಲ್ಲ ಕಿಚಡಿ.

“ಏನ್ ತಿನಿಸಿದೆವಾ ಕೂಸಿಗೆ?” ಆಯಿಯ ದನಿ ಗಟ್ಟಿಯಾಗಿಯೇ ಇತ್ತು. ನಮ್ಮದು ಲಿಂಗ ಕಟ್ಟಿಕೊಂಡವರ ಮನೆ, ಮಾಂಸ ಮುಟ್ಟುವವರಲ್ಲ.

“ಅಂಜಬ್ಯಾಡ್ರಿ ಅಮ್ಮಾ. ಗೋಷ್ ಗೀಷ್ ಏನಿಲ್ರೀ, ಬರೇ ಬ್ಯಾಳಿ ಅಕ್ಕಿ ಕಿಚಡಿ. ನಿಮ್ಮ ಹೊಲದ್ದೇ ತೊಗರಿ.”

ಆಯಿ ಕೂಸಿನ ಗಲ್ಲದ ಕಿಚಡಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ಕೇಳಿದ್ದು ಬೇರೆಯೇ. “ಯಾರ್ ಉಣಿಸಿದ್ರು?”

“ಯಾರೂ ಉಣಿಸಿಲ್ರೀ. ತಾನೇ ತಿಂದಾಳ. ನಮ್ಮ ಮನ್ಯಾಗ ಉಣ್ಣು ಅನ್ನಾಕ ಯಾರಿಗೆ ಪುರಸೊತ್ತದ? ತಡಾ ಮಾಡಿದ್ರ ತಬಕ ಖಾಲಿ ಆಕ್ಕದ ಅಂತ ಕೂಸಿಗೂ ತಿಳೀತು.” ಖಾಲಾ ತನ್ನ ಮಾತಿಗೆ ತಾನೇ ನಕ್ಕು ಕೂಸನ್ನು ಕಾಕಿಯ ಕೈಗೆ ಕೊಟ್ಟು ಹೋದಳು. ಕಾಕಿ ಅದರ ಗಲ್ಲ ಒರೆಸಲಿಲ್ಲ. ಆ ಹಳದಿಯನ್ನು ನೋಡುತ್ತಲೇ ಇದ್ದಳು.

ಮರುದಿನ ಮಧ್ಯಾಹ್ನ ನಡೆದದ್ದು ನನಗೆ ಚೆನ್ನಾಗಿ ನೆನಪಿದೆ, ಏಕೆಂದರೆ ಆ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಡುವೆ ನಿಂತದ್ದನ್ನು ನಾನು ಕೇಳಿದ್ದು ಆಗಲೇ. ಗಂಡಸರ ಊಟ ಆಗಿತ್ತು. ಕಾಕಿ ಎಂದಿನಂತೆ ಕೂಸಿನ ಬಟ್ಟಲು ತಂದು ಪಡಸಾಲೆಯಲ್ಲಿ ಇಟ್ಟಳು. ಕಂಬಕ್ಕೆ ಒರಗಿ ಕೂತಿದ್ದ ಆಯಿ ಬಟ್ಟಲು ನೋಡಿದಳು, ಸೊಸೆಯನ್ನು ನೋಡಿದಳು.

“ಕೂಸಿನ ಬಟ್ಟಲ ತಂದಿ. ನಿನ್ನ ತಾಟ ಎಲ್ಲದ?”

ಕಾಕಿಗೆ ಅರ್ಥವಾಗಲಿಲ್ಲ. “ನಂದು ಆಮ್ಯಾಲ್ರೀ, ನಿಮ್ದೆಲ್ಲಾ ಆದ ಮ್ಯಾಲ.”

“ನಾ ಕೇಳಿದ್ದು ತಾಟ ಎಲ್ಲದ ಅಂತ. ತಗೊಂಡ್ ಬಾ. ಇಲ್ಲೇ ಕೂಡು, ಉಣ್ಣು. ಕೂಸಿಗೆ ಏನೂ ಅನಬ್ಯಾಡ.” ಅಡುಗೆಮನೆಯಲ್ಲಿ ಪಟಪಟ ನಿಂತಿತು. ಹಂಚಿನ ಮೇಲಿದ್ದ ರೊಟ್ಟಿ ಸೀಯುವ ವಾಸನೆ ಬಂತು. ಆಮೇಲೆ ಸದ್ದು ಮತ್ತೆ ಶುರುವಾಯಿತು, ಮೊದಲಿಗಿಂತ ಸ್ವಲ್ಪ ಜೋರಾಗಿ.

ಕಾಕಿ ಅತ್ತೆಯ ಎದುರು ಕೂತು ಉಂಡಳು. ಮೊದಲ ದಿನ ಒಂದು ರೊಟ್ಟಿ ಮುಗಿಸಲು ಅವಳು ಎರಡು ಸಲ ನೀರಿನ ತಂಬಿಗೆ ಎತ್ತಿದಳು. ನೀಲು ಏನೂ ತಿನ್ನಲಿಲ್ಲ. ಕಾಕಿಯ ಬಾಯನ್ನೇ ನೋಡುತ್ತ ಕೂತಳು. ಎರಡನೆಯ ದಿನವೂ ಹಾಗೇ. ಆಯಿ ಓಣಿಯ ಹೆಂಗಸರಿಗೆ, “ನಾಟಕ ಮುಗೀತ್ರವಾ, ಮನಿಗೆ ಹೋಗ್ರಿ” ಎಂದು ಬಾಗಿಲು ಮುಂದೆ ಮಾಡಿದಳು. ಊಟಕ್ಕೆ ಮುಂಚಿನ ಹಾಲನ್ನು ತಾನೇ ನಿಲ್ಲಿಸಿದಳು. ಕೂಸು ಅತ್ತಾಗ ತಾನೇ ಕಣ್ಣೊರೆಸಿಕೊಂಡಳು. ಹಾಲು ಮಾತ್ರ ಕೊಡಲಿಲ್ಲ. ಹೀಗೇ ಕೆಲವು ದಿನ ಕಳೆದ ಮೇಲೆ ನೀಲು ಕಾಕಿಯ ತಾಟಿನಿಂದ ರೊಟ್ಟಿಯ ಅಂಚು ಮುರಿದುಕೊಂಡಳು. ತಿಂದಳೋ ಪರಸಿಯ ಮೇಲೆ ಉಜ್ಜಿದಳೋ ಹೇಳುವುದು ಕಷ್ಟ. ಇನ್ನೊಂದು ದಿನ ಪುಂಡಿ ಪಲ್ಯಕ್ಕೆ ಬೆರಳು ಅದ್ದಿ ನಾಲಗೆಗೆ ಮುಟ್ಟಿಸಿ ಮೈಯೆಲ್ಲ ನಡುಗಿಸಿದಳು. ನಾನು ನಕ್ಕೆ. ಆಯಿ ನನ್ನ ತಲೆಗೆ ಮೊಟಕಿ, “ನಗಬ್ಯಾಡ ಬೇ, ಅಕಿಗಿ ಅದು ಹೊಸಾ ಊರು” ಎಂದಳು. ಮರುದಿನ ಮತ್ತೆ ಬೆರಳು, ಮತ್ತೆ ನಡುಕ. ಉಗುಳಿದರೆ ಕಾಕಿ ಸುಮ್ಮನೆ ಒರೆಸುತ್ತಿದ್ದಳು. ನುಂಗಿದರೂ ಶಭಾಷ್ ಅನ್ನುತ್ತಿರಲಿಲ್ಲ. ತಾನು ಉಣ್ಣುತ್ತಿದ್ದಳು, ಅಷ್ಟೇ. ಬರಬರುತ್ತ ಅವಳಿಗೂ ಊಟದ ರುಚಿ ಹತ್ತಿತು, ಉಣ್ಣುತ್ತ ಚೌಡಾಪುರದ ಸುದ್ದಿ ಹೇಳತೊಡಗಿದಳು, ಸೆರಗು ಬಾಯಿಗೆ ಹಿಡಿಯುವಷ್ಟು ನಗತೊಡಗಿದಳು. ಒಂದು ದಿನ ನೀಲು ರೊಟ್ಟಿಯ ಚೂರಿಗೆ ಶೇಂಗಾ ಹಿಂಡಿ ಮೊಸರು ಹಚ್ಚಿಕೊಂಡು ತಾನು ಕಚ್ಚಿ, ಉಳಿದದ್ದನ್ನು ಕಾಕಿಯ ಬಾಯಿಗೆ ಹಿಡಿದಳು. ಕಾಕಿ ಬಾಯಿ ತೆರೆಯಲು ತುಸು ಹೊತ್ತು ಬೇಕಾಯಿತು.

ನನ್ನ ಅವ್ವ ಇದಕ್ಕೆಲ್ಲ ಒಂದೇ ಮಾತು ಅಂದದ್ದು ನನಗೆ ಗೊತ್ತು. ಪಾತ್ರೆ ತೊಳೆಯುವಾಗ ಕಾಕಿಗೆ, “ನನ್ನ ಮಕ್ಕಳೂ ಸಣ್ಣವಿದ್ದಾಗ ಉಣ್ಣಾಕ ಹಟಾ ಮಾಡತಿದ್ವು. ನಂಗ ಯಾರೂ ತಾಟ ತಾ ಅನಲಿಲ್ಲ” ಎಂದಳು. ಸಿಟ್ಟಿನಿಂದ ಅಂದಂತೆ ಇರಲಿಲ್ಲ. ಕಾಕಿ, “ನೀವೂ ಬರ್ರಿ ಅಕ್ಕಾ, ಒಂದೇ ಕಡೆ ಕೂಡೂಣು” ಎಂದಳು. “ರೊಟ್ಟಿ ಯಾರ್ ಬಡೀಬೇಕು?” ಎಂದಳು ಅವ್ವ. ಆದರೆ ಮರುದಿನದಿಂದ ಕೂಸಿನ ಸಲುವಾಗಿ ಅಂಗೈಯಗಲದ ಒಂದು ಮೆತ್ತನೆಯ ರೊಟ್ಟಿ ಬೇರೆ ಬಡಿದು, ಯಾರೂ ಕೇಳದೆಯೇ ಪಡಸಾಲೆಗೆ ಕಳಿಸತೊಡಗಿದಳು.

ಎಳ್ಳಮಾಸಿಯ ಹಿಂದಿನ ದಿನ ಮಣ್ಣೂರಮ್ಮ ಬಂದಳು. ಕೂಸಿನ ಬಟ್ಟೆ ತುಂಬಿಕೊಳ್ಳಲು ಖಾಲಿ ಚೀಲ ತಂದಿದ್ದಳು, ಅದನ್ನು ಬಚ್ಚಿಡಲೂ ಇಲ್ಲ. ಮನೆತುಂಬ ಬಜ್ಜಿಯ ವಾಸನೆ. ಅವರೆ, ತೊಗರಿ, ಬಟಾಣಿಯ ಹಸಿ ಕಾಳು, ಮೆಂತ್ಯ, ಗಜ್ಜರಿ, ಹೊಲದಲ್ಲಿ ಸಿಕ್ಕ ಹಸಿರೆಲ್ಲ ಹುಣಸೆ ಹುಳಿಯಲ್ಲಿ ಬೆಂದ ವಾಸನೆ. ಊಟಕ್ಕೆ ಕಾಕಿ ತನ್ನ ತಾಟು, ಕೂಸಿನ ತಾಟು ಹಾಕಿಕೊಂಡು ಕೂತಳು. ಮಣ್ಣೂರಮ್ಮ ತಾನು ಕಟ್ಟಿ ತಂದಿದ್ದ ಶೇಂಗಾ ಹೋಳಿಗೆಯ ಚೂರನ್ನು ನೀಲುವಿನ ಬಾಯಿಗೆ ಹಿಡಿದು, “ತಿನ್ನು ನನ್ನವ್ವಾ, ನಿಮ್ಮವ್ವನ ಊರಿಂದು” ಎಂದಳು. ನೀಲು ಮುಖ ತಿರುವಿದಳು. ಮಣ್ಣೂರಮ್ಮ ಆಯಿಯ ಕಡೆ ನೋಡಿದಳು. ಕಾಕಿ ಕೂಸಿಗೆ ಏನೂ ಅನ್ನಲಿಲ್ಲ; ಅನ್ನಬೇಕು ಎಂದು ಅವಳ ತುಟಿ ಎಷ್ಟು ಒದ್ದಾಡಿತೋ. ಸಜ್ಜೆ ರೊಟ್ಟಿ ಮುರಿದು ಬಜ್ಜಿಯಲ್ಲಿ ಅದ್ದಿ ತಾನು ತಿಂದಳು. ನೀಲು ಕಾಕಿಯ ತಾಟಿಗೇ ಕೈ ಹಾಕಿ, ಬಜ್ಜಿಯನ್ನು ಮುಷ್ಟಿಯಲ್ಲಿ ತೆಗೆದು ಬಾಯಿಗಿಟ್ಟಳು. ಹುಳಿ ತಾಗಿ ಎಡಗಣ್ಣೊಂದೇ ಗಟ್ಟಿಯಾಗಿ ಮುಚ್ಚಿತು. ನುಂಗಿ, ಮತ್ತೆ ಕೈ ಹಾಕಿದಳು.

“ನನ್ನ ಮಗಳೂ ಹುಳಿ ತಿಂದ್ರ ಹಿಂಗೇ ಒಂದು ಕಣ್ಣ ಮುಚ್ಚತಿದ್ಳು” ಎಂದಳು ಮಣ್ಣೂರಮ್ಮ. ಹೋಳಿಗೆಯ ಚೂರು ಅವಳ ಬೆರಳಲ್ಲೇ ಇತ್ತು. ಬಹಳ ಹೊತ್ತು ಕೂಸು ಉಣ್ಣುವುದನ್ನು ನೋಡಿದಳು. ಗೆದ್ದವರ ಮುಖವೂ ಅಲ್ಲ, ಸೋತವರದೂ ಅಲ್ಲ. ಅಂಥ ಮುಖವನ್ನು ನಾನು ಆಮೇಲೆ ಎಷ್ಟೋ ಕಡೆ ಕಂಡಿದ್ದೇನೆ, ಹೆಸರು ಮಾತ್ರ ಗೊತ್ತಿಲ್ಲ. ಕೊನೆಗೆ ಆ ಚೂರನ್ನು ಕಾಕಿಯ ತಾಟಿನಲ್ಲಿ ಇಟ್ಟು, “ನಂಗೂ ಒಂದು ತಾಟ ಹಾಕವಾ ಮಗಳ” ಎಂದಳು. ಆಯಿ ಕಂಬ ಬಿಟ್ಟು ಎದ್ದು ಬಂದು ತಾನೂ ಕೂತಳು. “ದೊಡ್ಡ ಸೊಸೀನೂ ಕರೀರಿ” ಎಂದಳು ಮಣ್ಣೂರಮ್ಮ. ಒಳಗಿನಿಂದ ಅವ್ವನ ದನಿ ಬಂತು: “ಉಣ್ರೀ ನೀವು. ಹಂಚಿನ ಮ್ಯಾಲ ರೊಟ್ಟಿ ಅದ.” ಮರುದಿನ ಮಣ್ಣೂರಮ್ಮ ಖಾಲಿ ಚೀಲದಲ್ಲಿ ನಮ್ಮ ಹೊಲದ ಹಸಿ ಕಡಲೆ ತುಂಬಿಕೊಂಡು ಅಫಜಲಪುರದ ಬಸ್ಸು ಹತ್ತಿದಳು.

ಆಮೇಲಿನದು ಎಲ್ಲ ಮನೆಗಳ ಕತೆಯೇ. ಆಯಿ ಹೋದಳು. ಖಾಲಾ ಮಗನ ಜೊತೆ ಹೈದರಾಬಾದಿಗೆ ಹೋದವಳು ಅಲ್ಲೇ ತೀರಿದಳು ಎಂದು ಕೇಳಿದೆವು. ಪಾಲಾಯಿತು, ಕಾಕಾ, ಕಾಕಿ, ನೀಲು ಜೇವರ್ಗಿಯಲ್ಲಿ ಮನೆ ಮಾಡಿದರು. ಕಾಕಿಗೆ ಮುಂದೆ ಒಬ್ಬ ಮಗ ಹುಟ್ಟಿದ. ನೀಲು ಹೊಟ್ಟೆಯ ಮಗಳಲ್ಲ ಎಂಬುದು ಜೇವರ್ಗಿಯಲ್ಲಿ ಹೆಚ್ಚಿನವರಿಗೆ ಗೊತ್ತೇ ಇಲ್ಲ. ಅವ್ವ ಕೊನೆಯವರೆಗೂ ಎಲ್ಲರದೂ ಆದ ಮೇಲೆಯೇ ಉಂಡಳು. ಅಡುಗೆಮನೆಯಲ್ಲಿ ಅವಳ ಜೊತೆ ಉಣ್ಣುತ್ತಿದ್ದ ಒಬ್ಬಳೇ ಒಬ್ಬಳು ಪಡಸಾಲೆಗೆ ಬಂದಿದ್ದಳಲ್ಲ. ಬಾಗಿಲಾಚೆಯ ಆ ಸಣ್ಣ ಮಾತು, ನಗು ಆಗಲೇ ನಿಂತಿತ್ತು. ನಾವು ಅದನ್ನು ಗಮನಿಸಿರಲಿಲ್ಲ.

ಅವ್ವ ತೀರಿಕೊಂಡ ಮೇಲೆ ಎಡೆ ಇಡುವ ದಿನ ಬಂತು. ಹೋದವರಿಗೆ ಇಷ್ಟವಾದದ್ದನ್ನು ಮಾಡಿ ಇಡುವುದು ರೂಢಿ. ಅಡುಗೆಗೆ ನಿಂತ ಹೆಂಗಸರು, “ನಿಮ್ಮವ್ವಗ ಏನ್ ಸೇರತಿತ್ತು?” ಎಂದು ಕೇಳಿದರು. ನಾನು ಅಣ್ಣನ ಮುಖ ನೋಡಿದೆ, ಅಣ್ಣ ಅಪ್ಪನ ಮುಖ ನೋಡಿದ. ಅಪ್ಪನಿಗೆ ಬದನೆಕಾಯಿ, ಅಣ್ಣನಿಗೆ ಕೆನೆ ಮೊಸರು, ನನಗೆ ಪುಂಡಿ ಎಂದು ಅವಳಿಗೆ ಗೊತ್ತಿತ್ತು. ಅವಳದು ನಮಗೆ ಗೊತ್ತಿರಲಿಲ್ಲ. ಜೇವರ್ಗಿಯಿಂದ ಬಂದಿದ್ದ ಕಸ್ತೂರಿ ಕಾಕಿ, ಕೂದಲೆಲ್ಲ ಬಿಳಿ, ಗೋಡೆಗೆ ಒರಗಿ ಕೂತಿದ್ದಳು. “ಒಣಾ ಕಟಕ ರೊಟ್ಟಿ ಬ್ಯಾಳಿ ಕಟ್ಟಿನಾಗ ನೆನಸಿ, ಮ್ಯಾಲ ಹಸಿ ಶೇಂಗಾ ಎಣ್ಣಿ ಹಾಕ್ಕೊಂಡು, ಬಾಜೂಕ ಒಂದು ಬೆಲ್ಲದ ಹಳಕು” ಎಂದಳು. ಮತ್ತೆ ತಾನೇ ಸೇರಿಸಿದಳು: “ಅದು ನಾ ಹೊಸ್ದಾಗಿ ಬಂದಾಗಿಂದು. ಆಮ್ಯಾಲ ಏನ್ ಸೇರತಿತ್ತೋ ನಂಗೂ ಗೊತ್ತಿಲ್ಲವಾ.”

ಅದನ್ನೇ ಮಾಡಿದೆವು. ಆ ದಿನ ಯಾರೂ ಇನ್ನೂ ಉಂಡಿರಲಿಲ್ಲ. ಮೊದಲು ಅವ್ವನ ತಾಟಿಗೆ ಬಡಿಸಿದರು.